ವೈನಿಯ ಕಿಟಕಿ ಸೀಟು

ಫೆಬ್ರವರಿ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಾನು ಕಲಬುರಗಿ ವಿಮಾನ ನಿಲ್ದಾಣದ ಬಾಗಿಲಿನ ಎದುರು ನಿಂತಿದ್ದೆ. ಗುರುತಿನ ಚೀಟಿ ನೋಡುವ ಪೊಲೀಸಿನವನಿಗೂ ನನಗೂ ನಡುವೆ ಎರಡು ಹೆಜ್ಜೆ ಅಂತರ. ನನ್ನ ಎಡಕ್ಕೆ, ಒಂದು ಮೊಳ ಹಿಂದೆ, ನನ್ನ ಅಣ್ಣನ ಹೆಂಡತಿ ನಿಂತಿದ್ದರು. ಅವರ ಹಿಂದೆ ಸಾಮಾನಿನ ತಳ್ಳುಗಾಡಿ ಹಿಡಿದುಕೊಂಡು ನನ್ನ ಗೆಳೆಯ ನಿಂತಿದ್ದ. ಇದು ಮೂರು ವರ್ಷದ ಹಿಂದಿನ ಮಾತು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಭೂಮಾಪಕನಾಗಿ ದುಡಿದವನು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳ ಹೊಲಗಳಲ್ಲಿ ಅಳತೆಯ ಸರಪಳಿ ಎಳೆಸಿದ್ದೇನೆ. ಎಲ್ಲಿ ನಿಂತೆ, ಯಾವ ಕಲ್ಲಿನಿಂದ ಎಷ್ಟು ದೂರ ಎಂದು ಮೊದಲು ಬರೆದು ಆಮೇಲೆ ಮಿಕ್ಕಿದ್ದನ್ನು ಬರೆಯುವುದು ರೂಢಿ. ಈ ಸಂಗತಿಯನ್ನೂ ಹಾಗೆಯೇ ಬರೆಯುತ್ತೇನೆ. ಬೇರೆ ಥರ ಬರೆಯಲು ಹೋದರೆ ನನಗೆ ಅನುಕೂಲವಾಗುವಂತೆ ಬರೆದುಬಿಡುತ್ತೇನೆ ಎಂಬ ಭಯವಿದೆ. ಮೂರು ವರ್ಷ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ.

ನಿವೃತ್ತಿಯಾಗಿ ಅಫಜಲಪುರದಲ್ಲಿ ನೆಲೆ ನಿಂತ ಮೇಲೆ ನನಗೊಂದು ಚಟ ಹತ್ತಿತು. ಮೊಬೈಲಿನಲ್ಲಿ ವಿಮಾನದ ಟಿಕೆಟ್ ದರ ನೋಡುವುದು. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆ. ಮುಂಜಾನೆ ಒಂದು ದರ, ಮಧ್ಯಾಹ್ನ ಒಂದು ದರ. ಅದೇ ವಿಮಾನ, ಅದೇ ಸೀಟು. ಎರಡು ತಿಂಗಳು ಮೊದಲು ಸಾವಿರದ ಏಳುನೂರಕ್ಕೆ ಸಿಗುವ ಸೀಟು ಹಿಂದಿನ ದಿನ ಹತ್ತು ಸಾವಿರ ದಾಟುತ್ತಿತ್ತು. ಇದರ ಹಿಂದಿನ ಲೆಕ್ಕಾಚಾರ ಏನೆಂದು ತಿಳಿದುಕೊಳ್ಳಲು ಬಹಳ ದಿನ ತಲೆ ಕೆಡಿಸಿಕೊಂಡೆ. ತಿಳಿದ ಮೇಲೆ ಅದನ್ನು ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಎಲ್ಲರಿಗೂ ಹೇಳತೊಡಗಿದೆ.

ಬಾಗಿಲು ಮುಚ್ಚಿ ವಿಮಾನ ಹೊರಟಿತೆಂದರೆ ಖಾಲಿ ಉಳಿದ ಸೀಟಿಗೆ ಒಂದು ಪೈಸೆ ಬೆಲೆಯಿಲ್ಲ. ಸಂತೆಯಲ್ಲಿ ಮೆಂತ್ಯ ಸೊಪ್ಪು ಮಾರುವವಳದ್ದೂ ಅದೇ ಕಥೆ. ಸಂಜೆಯೊಳಗೆ ಮಾರದಿದ್ದರೆ ಬಾಡಿ ಹೋಗುತ್ತದೆ. ಆದರೆ ಅವಳು ಸಂಜೆಯಾದಂತೆ ಬೆಲೆ ಇಳಿಸುತ್ತಾಳೆ, ವಿಮಾನದವರು ಏರಿಸುತ್ತಾರೆ. ಯಾಕೆಂದರೆ ಕೊನೆಗೆ ಬಂದವನಿಗೆ ಹೋಗದೆ ವಿಧಿಯಿಲ್ಲ ಎಂಬುದು ಅವರಿಗೆ ಗೊತ್ತು. ಯಾರಿಗೆ ಯಾವ ದಿನ ಎಲ್ಲಿರುತ್ತೇನೆಂದು ಎರಡು ತಿಂಗಳು ಮೊದಲೇ ಗೊತ್ತಿದೆಯೋ ಅವರಿಗೆ ಸಸ್ತಾ. ಯಾರಿಗೆ ಫೋನು ಬಂದು ಎದ್ದು ಓಡಬೇಕಾಗಿದೆಯೋ ಅವರಿಗೆ ತುಟ್ಟಿ. ನಮ್ಮ ಕಡೆಯ ಹೊಸ ನಿಲ್ದಾಣದ ಕೈಯನ್ನು ಸರ್ಕಾರವೂ ಹಿಡಿದು, ಕೆಲವು ಸೀಟುಗಳ ದರಕ್ಕೆ ಮಿತಿ ಹಾಕಿ, ಕಡಿಮೆ ಬಿದ್ದದ್ದನ್ನು ಕಂಪನಿಗೆ ತುಂಬಿಕೊಡುತ್ತಿತ್ತು. ಆ ಸೀಟುಗಳು ಬೇಗ ಖರ್ಚಾಗುತ್ತಿದ್ದವು. ಯಾವಾಗ ತೆಗೆದರೆ ಸಿಗುತ್ತವೆಂದು ನನಗೆ ಗೊತ್ತಿತ್ತು.

ಚಹಾದ ಅಂಗಡಿಯ ಪಕ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಇದನ್ನೆಲ್ಲ ಕೇಳಿ ನಗುತ್ತಿದ್ದ. ನಾವಿಬ್ಬರೂ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆದರೂ ನಾಲ್ಕು ಮಂದಿಯ ಮುಂದೆ ನನಗೆ 'ಸಾಬ' ಹಚ್ಚುತ್ತಾನೆ.

"ಏನ್ರಿ ಸರ್ವೇಯರ್ ಸಾಬ, ಭೂಮಿ ಅಳಿಯೂದು ಮುಗೀತು, ಈಗ ಆಕಾಶಕ್ಕ ಸರಪಳಿ ಹಾಕಾಕತ್ತೀರೇನು?"

"ನೀ ನಗು. ರೈಲಿನ ಎಸಿ ಡಬ್ಬಿ ರೊಕ್ಕದಾಗ ಬೆಂಗಳೂರಿಗಿ ಹಾರಿಸ್ತೇನಿ ನಿನಗ."

"ಸಸ್ತಾ ಮಾಲ್ ನಾನೂ ಮಾರ್ತೇನಿ ಸಾಬ. ಉಂಗುಟ ಹರದ್ರ ವಾಪಸ್ ಇಲ್ಲ ಅಂತ ಮೊದಲೇ ಹೇಳಿಬಿಡ್ತೇನಿ. ನಿಮ್ಮ ವಿಮಾನದಾಂವ ಹೇಳ್ತಾನೇನು?"

ಹೇಳುತ್ತಾನೆ. ಸಣ್ಣ ಅಕ್ಷರದಲ್ಲಿ, ಆದರೆ ಹೇಳುತ್ತಾನೆ. ನಾನು ಅದನ್ನು ಓದಿದ್ದೆ ಕೂಡ.

ಅಣ್ಣ ತೀರಿಕೊಂಡು ಆಗ ಆರು ವರ್ಷವಾಗಿತ್ತು. ವೈನಿ, ಅಂದರೆ ಅಣ್ಣನ ಹೆಂಡತಿ, ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಇದ್ದಾರೆ; ಹೊಲ, ಎಮ್ಮೆ, ಮನೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಾರೆ. ಅವರ ತವರು ಜೇವರ್ಗಿ ತಾಲ್ಲೂಕಿನ ಕೊಳಕೂರ. ತವರಿನವರಲ್ಲಿ ಉಳಿದಿದ್ದು ಒಬ್ಬ ಅಕ್ಕ. ಅವರನ್ನು ಆಳಂದ ತಾಲ್ಲೂಕಿನ ನರೋಣಾಕ್ಕೆ ಕೊಟ್ಟಿತ್ತು. ತಾಯಿ ಬೇಗ ಹೋದದ್ದರಿಂದ ವೈನಿಗೆ ತಲೆ ಬಾಚಿ ಹೆಳಲು ಹಾಕಿದವರು ಆ ಅಕ್ಕನೇ. ಅವರ ಎದೆಯ ಕವಾಟ ಕೆಟ್ಟಿದೆ, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದರು. ದಿನವೂ ಎರಡು ತಿಂಗಳು ಮೊದಲೇ ಗೊತ್ತಾಯಿತು: ಫೆಬ್ರವರಿಯ ಒಂದು ಬುಧವಾರ, ಮುಂಜಾನೆ ಏಳಕ್ಕೆ. ಅಕ್ಕ ಮತ್ತು ಅವರ ಮಗಳು ಒಂದು ವಾರ ಮೊದಲೇ ಹೋಗಿ ಸೇರುವುದು, ವೈನಿ ಜೋಳದ ರಾಶಿ ಮುಗಿಸಿಕೊಂಡು ಆಪರೇಷನ್ನಿಗೆ ಮೊದಲು ಹೋಗಿ ಮುಟ್ಟುವುದು ಎಂದು ಅಕ್ಕತಂಗಿಯರು ಮಾತಾಡಿಕೊಂಡರು.

ವೈನಿ ರೈಲಿಗೆ ಹೋಗುವವರಿದ್ದರು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅವರ ಮನೆಯ ಕಟ್ಟೆಯ ಮೇಲೆ ಕೂತಾಗ ಅವರು ಅಂದ ಮಾತು ಇದು: "ತಮ್ಮಾ, ನಾ ಸೋಮವಾರ ಸಂಜಿ ರೈಲಿಗಿ ಕುಂಡ್ರತೇನಿ. ಮಂಗಳವಾರ ಮುಂಜಾನಿ ಬೆಂಗಳೂರಾಗ ತಗದು ಒಗೀತದ. ಒಂದಿನ ಇಡೀ ಅಕ್ಕನ ಕೂಡ ಇದ್ದಂಗ ಆಗ್ತದ."

ನಾನು ಬೇಡ ಅಂದೆ. "ವೈನಿ, ನಿಮ್ಮ ಟೊಂಕ ಮೊದಲೇ ಹಿಡಕೊಂಡದ. ಅಷ್ಟೇ ರೊಕ್ಕದಾಗ ವಿಮಾನ ಬರ್ತದ. ಮಂಗಳವಾರ ಮುಂಜಾನಿ ಇಲ್ಲಿ ಚಾ ಕುಡದು ಮಧ್ಯಾಹ್ನದ ಒಳಗ ಅಕ್ಕನ ಮುಂದ ಕುಂತಿರ್ತೀರಿ. ನಾನೂ ಬರ್ತೇನಿ ಜೋಡಿ."

ಅವರು ಅಕ್ಕನಿಗೆ ಫೋನು ಹಚ್ಚಿದರು. ಕಿವಿ ಮಂದವೆಂದು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಅಕ್ಕ ಆ ಕಡೆಯಿಂದ ನಕ್ಕರು. "ವಿಮಾನದಾಗ ಬರ್ತಿಯೇನಬೇ? ಹಂಗಾರ ಮ್ಯಾಲ ಹೋಗೂದು ನಾ ಮೊದಲೋ ನೀ ಮೊದಲೋ ನೋಡಮು."

"ಬಾಯಾಗ ಒಳ್ಳೇ ಮಾತೇ ಇಲ್ಲ ನಿಂದು," ಎಂದರು ವೈನಿ.

"ಚಾಷ್ಟಿ ಮಾಡಿದ್ನಬೇ. ಆದ್ರ ಇದೊಂದು ಖರೇ. ನಿನ್ನ ಮಾರಿ ನೋಡೇ ನಾ ಒಳಗ ಹೋಗಾಕಿ. ಡಾಕ್ಟರ್‌ಗೂ ಹೇಳೇನಿ."

ಆ ಮಾತಿನಲ್ಲಿ ಅಕ್ಕ ತಂಗಿಯನ್ನು ಒಂದು ಹೆಸರು ಹಿಡಿದು ಕರೆದರು. ಅದು ನಾವು ಕರೆಯುವ ಹೆಸರಲ್ಲ. ಆ ಹೆಸರನ್ನು ಸ್ಪೀಕರಿನಲ್ಲಿ ಎಷ್ಟೋ ಸಲ ಕೇಳಿದ್ದೆ. ತವರಿನವರು ಮುದ್ದಿಗೆ ಇಟ್ಟುಕೊಂಡದ್ದೇನೋ ಎಂದುಕೊಂಡು ಬಿಟ್ಟಿದ್ದೆ.

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಲಗ್ನದ ದಿನ ಸೊಸೆಗೆ ಹೊಸ ಹೆಸರು ಇಡುತ್ತಾರೆ. ನಮ್ಮ ಮನೆಯಲ್ಲೂ ಇಟ್ಟೆವು. ಅಗಲವಾದ ಪರಾತದಲ್ಲಿ ಅಕ್ಕಿ ಹರವಿ, ಅಣ್ಣ ಬೆರಳಿನಲ್ಲಿ ಅದರ ಮೇಲೆ ಬರೆದ. ಆ ಹೆಸರನ್ನು ಆರಿಸಿಕೊಟ್ಟವನು ನಾನು. ಆಗ ನಾನು ಕಾಲೇಜಿನಲ್ಲಿದ್ದೆ, ಮನೆಯಲ್ಲಿ ಓದಿದವನೆಂಬ ಗತ್ತು ಬೇರೆ. 'ಚಂದನ್ನ ಹೆಸರು ಒಂದು ಬರಕೊಡೋ' ಎಂದು ಅವ್ವ ಕೇಳಿದಾಗ ಚೀಟಿಯಲ್ಲಿ ಬರೆದುಕೊಟ್ಟೆ. ಅಕ್ಕಿಯ ಮೇಲೆ ಬರೆದ ಆ ಹೆಸರಿನಿಂದಲೇ ಓಣಿಯವರೆಲ್ಲ ಅವರನ್ನು ಕರೆದರು, ರೇಷನ್ ಕಾರ್ಡಿನಲ್ಲೂ ಅದೇ ಬಂತು. ಮೊದಲಿನ ಹೆಸರು ಏನಿತ್ತೆಂದು ನಾನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಆಧಾರ್ ಮಾಡಿಸುವ ಕಾಲಕ್ಕೆ ಅಣ್ಣ ನನ್ನ ಸಲಹೆ ಕೇಳಿದ್ದ. ವೈನಿಗೆ ಕೊಳಕೂರದಲ್ಲಿ ತಂದೆಯ ಕಡೆಯಿಂದ ಸ್ವಲ್ಪ ಹೊಲ ಬಂದಿತ್ತು, ಪಹಣಿಯಲ್ಲಿ ತವರಿನ ಹೆಸರಿತ್ತು. "ಪಹಣಿ ಒಳಗ ಏನದನೋ ಆಧಾರದಾಗೂ ಅದೇ ಹಾಕ್ಸು, ಮುಂದ ತಕರಾರು ಬರಂಗಿಲ್ಲ," ಎಂದಿದ್ದೆ. ಸಲಹೆ ಸರಿಯಾಗಿಯೇ ಇತ್ತು. ಹೆಸರು ಯಾವುದು ಎಂದು ಮಾತ್ರ ಆಗಲೂ ಕೇಳಿರಲಿಲ್ಲ.

ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಟಿಕೆಟ್ ತೆಗೆದೆ. ಎರಡು ದರ ತೋರಿಸಿತು. ಒಂದು ಸಾವಿರದ ಏಳುನೂರ ಚಿಲ್ಲರೆ, ಬದಲಾವಣೆಯಿಲ್ಲ, ವಾಪಸಿಲ್ಲ. ಇನ್ನೊಂದಕ್ಕೆ ನಾನೂರೈವತ್ತು ಹೆಚ್ಚು. ತಪ್ಪು ತಿದ್ದಬಹುದು, ದಿನ ಬದಲಿಸಬಹುದು. ನಾನು ಮೊದಲನೆಯದನ್ನು ಒತ್ತಿದೆ. ವಯಸ್ಸು ಕೇಳಿತು. "ವೈನಿ, ನಿಮ್ಮ ವಯಸ್ಸೆಷ್ಟು?" ಎಂದೆ. "ಅರವತ್ನಾಕೋ ಅರವತ್ತೈದೋ, ಒಂದು ಹಾಕು ತಮ್ಮಾ, ವಿಮಾನದಾಂವ ನನ್ನ ಹಲ್ಲು ಎಣಸ್ತಾನೇನು?" ಎಂದರು. ನಾವಿಬ್ಬರೂ ನಕ್ಕೆವು. ವಯಸ್ಸು ಕೇಳಿದೆ. ಹೆಸರು ಕೇಳಲಿಲ್ಲ. ನಾನೇ ಇಟ್ಟ ಹೆಸರನ್ನು ನಾನೇ ಬರೆದೆ.

ಹಿಂದಿನ ದಿನ ಸೀಟು ಹಂಚುವಾಗ ವೈನಿಗೆ ತಾನಾಗಿಯೇ ಕಿಟಕಿ ಸೀಟು ಬಂತು. ಅದಕ್ಕೆ ಬೇರೆ ದುಡ್ಡು ಕೊಡದೆ ಸಿಕ್ಕಿತೆಂದು ಚಹಾದ ಅಂಗಡಿಯಲ್ಲಿ ಹೇಳಿಕೊಂಡೆ.

ಮಂಗಳವಾರ ಗೆಳೆಯ ತನ್ನ ಹಳೆಯ ಕಾರಿನಲ್ಲಿ ನಮ್ಮನ್ನು ಕರೆದೊಯ್ದ. ವೈನಿ ಅಕ್ಕನಿಗೆಂದು ಶೇಂಗಾದ ಹೋಳಿಗೆ, ಕಡಕ್ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡಿದ್ದರು. ಹತ್ತು ಕಿಲೋ ಮೀರಬಾರದೆಂದು ನಾನು ಹೇಳಿದ್ದಕ್ಕೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಗಂಟನ್ನು ಎರಡು ಸಲ ತೂಗಿಸಿದ್ದರು. ತಮ್ಮ ಕಡೆಯಿಂದ ಏನೂ ತಪ್ಪಾಗದಂತೆ ಅವರು ನೋಡಿಕೊಂಡಿದ್ದರು ಎಂಬುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಬಾಗಿಲಲ್ಲಿ ಪೊಲೀಸಿನವನು ನನ್ನ ಚೀಟಿ ನೋಡಿ ಸರಿ ಅಂದ. ವೈನಿಯ ಆಧಾರ್ ನೋಡಿದ, ಟಿಕೆಟ್ ನೋಡಿದ, ಮತ್ತೆ ಆಧಾರ್ ನೋಡಿದ. ಹೆಸರು ಬೇರೆ ಬೇರೆ ಇದೆ, ಕಂಪನಿಯ ಕಿಟಕಿಯಲ್ಲಿ ಕೇಳಿಕೊಂಡು ಬನ್ನಿ ಎಂದು ಹಿಂದಿಯಲ್ಲಿ ಹೇಳಿದ. ಅವನ ದನಿಯಲ್ಲಿ ಗಡಸು ಇರಲಿಲ್ಲ. ನಾನು ಆಧಾರ್ ಕಾರ್ಡನ್ನು ಕೈಗೆ ತೆಗೆದುಕೊಂಡು ಓದಿದೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಕೈಯ ಊಟ ಮಾಡಿದವನು, ಅವರ ಹೆಸರನ್ನು ಅಂದು ಮೊದಲ ಸಲ ಓದಿದೆ. ಸ್ಪೀಕರಿನಲ್ಲಿ ಅಕ್ಕ ಕರೆಯುತ್ತಿದ್ದ ಹೆಸರೇ ಅದು.

ಕಂಪನಿಯ ಕಿಟಕಿ, ಬಾಗಿಲಿನಿಂದ ಬಲಕ್ಕೆ ಹದಿನೈದು ಹೆಜ್ಜೆ. ಅಲ್ಲಿ ಕೂತಿದ್ದ ಹುಡುಗಿ ಬೆಂಗಳೂರು ಕಡೆಯವಳು, ಮಾತು ಮೆತ್ತಗೆ. "ಸರ್, ಎರಡೂ ಬೇರೆ ಬೇರೆ ಹೆಸರು. ಸ್ಪೆಲ್ಲಿಂಗ್ ತಪ್ಪಾಗಿದ್ರೆ ಸರಿ ಮಾಡ್ಬಹುದಿತ್ತು. ಈ ದರದ ಟಿಕೆಟ್‌ನಲ್ಲಿ ಹೆಸರು ಬದಲಾಯಿಸೋಕೆ ಬರಲ್ಲ. ಹೆಸರು ಹಾಕಿದ್ದು ಯಾರು?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಇದ್ದಂತೆ ಬರೆಯುತ್ತೇನೆ.

"ಅವರೇ ಹೇಳಿದ್ರು. ಅವರು ಹೇಳ್ದಂಗ ನಾ ಹಾಕ್ದೆ."

ಯೋಚಿಸಿ ಹೇಳಿದ್ದಲ್ಲ. ಆದರೆ ಬಾಯಿ ತಪ್ಪಿ ಬಂದದ್ದೂ ಅಲ್ಲ. ಟಿಕೆಟಿನ ವಿಷಯದಲ್ಲಿ ನಾನು ತಪ್ಪುವವನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದವನು. ಆ ಹುಡುಗಿಯ ಮುಂದೆ, ಅದಕ್ಕಿಂತ ಹೆಚ್ಚಾಗಿ ನನ್ನ ಗೆಳೆಯನ ಮುಂದೆ, ತಪ್ಪಿದವನಾಗಿ ನಿಲ್ಲಲು ಆಗಲಿಲ್ಲ.

ವೈನಿ ನನ್ನ ಮುಖ ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ, ಬಹಳ ಹೊತ್ತಂತೂ ಅಲ್ಲ. ಆಮೇಲೆ ಆ ಹುಡುಗಿಯ ಕಡೆ ತಿರುಗಿ, "ಹೌದ್ರಿ ತಂಗಿ, ನಾನೇ ಹೇಳೇನಿ. ಓದಿದಾಕಿ ಅಲ್ಲ ನಾ," ಎಂದರು.

ವೈನಿ ಏಳನೆಯ ಇಯತ್ತೆ ಪಾಸಾದವರು.

ಹುಡುಗಿ ಕಂಪ್ಯೂಟರ್ ನೋಡಿ, ಸೀಟು ಇವೆ, ಸರಿಯಾದ ಹೆಸರಿನಲ್ಲಿ ಹೊಸ ಟಿಕೆಟ್ ಕೊಡಬಹುದು ಎಂದಳು. ಹನ್ನೊಂದು ಸಾವಿರದ ಮುನ್ನೂರು. ಹಳೆಯದರ ದುಡ್ಡು ಬರುವುದಿಲ್ಲ. ಕಿಟಕಿ ಮುಚ್ಚಲು ಇನ್ನು ಇಪ್ಪತ್ತು ನಿಮಿಷ ಮಾತ್ರ ಇದೆ ಎಂದೂ ಹೇಳಿದಳು.

ನನ್ನ ಜೇಬಿನಲ್ಲಿ ಬ್ಯಾಂಕಿನ ಕಾರ್ಡ್ ಇತ್ತು. ಖಾತೆಯಲ್ಲಿ ಆ ತಿಂಗಳ ಪಿಂಚಣಿ ಪೂರ್ತಿ ಇತ್ತು. ಬಡತನದ ಮಾತನ್ನು ಇಲ್ಲಿ ತರುವಂತಿಲ್ಲ. ಆ ದುಡ್ಡು ನನ್ನಲ್ಲಿತ್ತು ಮತ್ತು ನಾನು ಕೊಡಲಿಲ್ಲ. ಸಾವಿರದ ಏಳುನೂರಕ್ಕೆ ನಾನೇ ಗಿಟ್ಟಿಸಿದ ಅದೇ ಸೀಟಿಗೆ ಹನ್ನೊಂದು ಸಾವಿರ ಕೊಡುವುದು ಹೇಗೆ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಕೊನೆಗೆ ಬಂದು ತುಟ್ಟಿ ದರ ಕೊಡುವವರನ್ನು ಚಹಾದ ಅಂಗಡಿಯಲ್ಲಿ ಮೂರ್ಖರೆಂದು ಕರೆದವನು ನಾನು.

ಗೆಳೆಯ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವೈನಿಯೇ ಮಾತಾಡಿದರು. "ನೀ ಹೋಗು ತಮ್ಮಾ. ನಿನ್ನ ಟಿಕೇಟರ ಯಾಕ ಹಾಳಾಗ್ಬೇಕು? ನಾ ಸಂಜಿ ರೈಲಿಗಿ ಬರ್ತೇನಿ. ಈ ಗಂಟು ಅಕ್ಕಗ ಮುಟ್ಟಸು."

ನಾನು ಅವರು ಹೇಳಿದ್ದಕ್ಕೆ ಹೂಂ ಅಂದೆ. ಅವರು ಹೇಳಿದ್ದನ್ನೇ ಮಾಡಿದೆ ಎಂದು ಈ ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಂಟನ್ನು ನನ್ನ ಸಾಮಾನಿನ ಲೆಕ್ಕದಲ್ಲಿ ತೂಗಿ ಒಳಗೆ ಕಳಿಸಿದರು. ಗಂಟಿಗೆ ಯಾರೂ ಹೆಸರು ಕೇಳಲಿಲ್ಲ.

ಒಳಗೆ ಹೋದ ಮೇಲೆ ಒಮ್ಮೆ ತಿರುಗಿ ನೋಡಿದೆ. ಗಾಜಿನ ಆಚೆ ವೈನಿ ಗೆಳೆಯನ ಜೊತೆ ನಿಂತಿದ್ದರು. ಕೈ ಮಾಡಿದರು. ನಾನೂ ಕೈ ಮಾಡಿದೆ.

ವಿಮಾನದಲ್ಲಿ ಕಿಟಕಿ ಸೀಟು ಖಾಲಿ ಇತ್ತು, ಅದರ ಪಕ್ಕದಲ್ಲಿ ನಾನು. ಬಾಗಿಲು ಹಾಕುವ ಹೊತ್ತಿಗೆ ಹಿಂದಿನ ಸಾಲಿನವರೊಬ್ಬರು ಬಂದು, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. "ಇಲ್ಲ," ಎಂದೆ. ಅವರು ಕೂತರು. ಭೀಮೆಯೋ ಕಾಗಿಣೆಯೋ ಕೆಳಗೆ ಹೊಳೆದದ್ದು ಅವರ ಭುಜದ ಆಚೆಯಿಂದ ಕಂಡಿತು.

ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ ಹನ್ನೆರಡೂವರೆ. ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ಮಗಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಅಕ್ಕ ನನ್ನ ಹಿಂದೆ ಬಾಗಿಲಿನ ಕಡೆ ನೋಡಿದರು. ತಂಗಿಯ ಹೆಸರು ಹಿಡಿದು, ಎಲ್ಲಿ ಅಕಿ ಎಂದು ಕೇಳಿದರು.

ಅಲ್ಲಿ ನನ್ನ ಗೆಳೆಯನಿರಲಿಲ್ಲ, ಕಿಟಕಿಯ ಹುಡುಗಿ ಇರಲಿಲ್ಲ. ಖರೇ ಹೇಳಬಹುದಿತ್ತು. ಆದರೆ ಒಮ್ಮೆ ಹೇಳಿದ್ದು ನಾಲಿಗೆಯ ಮೇಲೆ ಕೂತೇ ಇತ್ತು. "ಸಂಜಿ ರೈಲಿಗಿ ಬರ್ತಾರ್ರಿ ಅಕ್ಕೋರ. ಟಿಕೇಟಿಗಿ ಹೆಸರು ತಪ್ಪ ಹೇಳಿಬಿಟ್ರು, ಒಳಗ ಬಿಡಲಿಲ್ಲ," ಎಂದೆ.

"ತನ್ನ ಹೆಸರ ತಾ ತಪ್ಪ ಹೇಳ್ಯಾಳ?"

"ಹೂಂ ರಿ."

"ಅಕಿ ಮೊದಲಿಂದ ಹಿಂಗೇ. ಸಾಲಿಗಿ ಹೋಗ್ತಾ ಪಾಟಿ ಮನ್ಯಾಗ ಬಿಟ್ಟು ಹೋಗಾಕಿ. ನೀರಿಗಿ ಹೋಗ್ತಾ ತಲಿ ಮ್ಯಾಲಿನ ಸಿಂಬಿ ಬಿಟ್ಟು ಹೋಗಾಕಿ. ಇವತ್ತೊಂದಿನ ನೆಟ್ಟಗಿದ್ದಿದ್ರ ಆಗ್ತಿರಲಿಲ್ಲೇನು? ನನ್ನ ಬಿಟ್ಟು ಅಕಿ ಧ್ಯಾನ ಎಲ್ಲಿತ್ತು?" ಎಂದು ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಗಳು ಸುಲಿದ ಮೋಸಂಬಿ ಕೊಟ್ಟರೆ ಒಲ್ಲೆ ಎಂದರು.

ಮಾರನೆಯ ದಿನ ಆರೂವರೆಗೆ ಅವರನ್ನು ತಳ್ಳುಮಂಚದ ಮೇಲೆ ಹೊರಗೆ ತಂದಾಗ ನಾನು ವಾರ್ಡಿನ ಬಾಗಿಲಲ್ಲಿದ್ದೆ. "ಬಂದ್ಲೇನು?" ಎಂದು ಕೇಳಿದರು. ರೈಲು ಎರಡು ತಾಸು ತಡ ಇತ್ತು. ಹಾಗೆಂದೆ. ಅವರನ್ನು ಒಳಗೆ ಒಯ್ದರು.

ವೈನಿ ಮುಟ್ಟಿದಾಗ ಒಂಬತ್ತು ನಲವತ್ತು. ಅಕ್ಕನಿಗೆ ಆಪರೇಷನ್ ಆದ ಮೇಲೆ ಎಚ್ಚರ ಬರಲಿಲ್ಲ. ಮೂರು ದಿನ ವೈನಿ ಗಾಜಿನ ಈಚೆಯಿಂದ ನೋಡಿದರು. ಶುಕ್ರವಾರ ಮಧ್ಯಾಹ್ನ ಅಕ್ಕ ತೀರಿಕೊಂಡರು. ಡಾಕ್ಟರುಗಳ ಮೇಲೆ ನನ್ನದೇನೂ ದೂರಿಲ್ಲ. ಎದೆ ಬಹಳ ದಣಿದಿತ್ತು ಎಂದು ಅವರು ಮೊದಲೇ ಹೇಳಿದ್ದರು. ಸೋಮವಾರದ ರೈಲಿಗೆ ಹೋಗಿದ್ದರೂ ಅಕ್ಕ ಉಳಿಯುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ವೈನಿಗೆ ಮಾತ್ರ ಮಂಗಳವಾರ ಇಡೀ ದಿನ ಸಿಗುತ್ತಿತ್ತು.

ನರೋಣಾಕ್ಕೆ ಹೋಗುವ ಗಾಡಿಯಲ್ಲಿ ವೈನಿ ನನ್ನನ್ನು ಕೇಳಿದರು: "ಅಕ್ಕ ನನ್ನ ಹೆಸರು ತಗದಿದ್ಲೇನು ತಮ್ಮಾ?"

"ಕೇಳಿದ್ರು ವೈನಿ. ಊಟ ಮಾಡಿ ಬರ್ತಾಳೇನು ಅಂದ್ರು," ಎಂದೆ.

ಅವರು ತಲೆಯಾಡಿಸಿ ಹೊರಗೆ ನೋಡುತ್ತ ಕೂತರು.

ಮನೆಗೆ ಬಂದ ಮೇಲೆ ನನ್ನ ಹೆಂಡತಿಗೂ ಅದೇ ಕಥೆ ಹೇಳಿದೆ. ಅವಳು ನಂಬಲಿಲ್ಲ. "ವೈನಿ ತವರಿನ ಹೆಸರು ನನಗ ಗೊತ್ತಿತ್ತು. ಕೇಳಿದ್ರ ಹೇಳ್ತಿದ್ದೆ. ನೀವು ಕೇಳಲಿಲ್ಲ," ಎಂದಳು. ಆಮೇಲೆ, "ನಂದರ ಗೊತ್ತದೇನು ನಿಮಗ?" ಎಂದು ಕೇಳಿದಳು. ಅದು ನನಗೆ ಗೊತ್ತಿತ್ತು. ಆದರೆ ನೆನಪು ಮಾಡಿಕೊಳ್ಳಲು ಹೊತ್ತು ಹಿಡಿಯಿತು. ಅವಳು ಅದನ್ನು ಗಮನಿಸಿದಳು.

ಗೆಳೆಯ ನನ್ನನ್ನು ಸರ್ವೇಯರ್ ಸಾಬ ಎಂದು ಚೇಷ್ಟೆ ಮಾಡುವುದನ್ನು ಬಿಟ್ಟ. ಒಂದು ವರ್ಷದ ಮೇಲೆ ಒಮ್ಮೆ ಮಾತ್ರ, ಅಂಗಡಿಯ ಬಾಗಿಲು ಎಳೆಯುತ್ತ ಅಂದ: "ಅವತ್ತು ನನ್ನ ಕಿಸೇದಾಗ ಏಳು ಸಾವಿರ ಇದ್ವು. ನೀ ಒಂದು ಮಾತು ಕೇಳಲಿಲ್ಲ ನೋಡು."

ಹೊಲದ ಒಂದು ಮಾತು ಇಲ್ಲಿ ಹೇಳಬೇಕು. ಜೇವರ್ಗಿ ತಾಲ್ಲೂಕಿನಲ್ಲಿದ್ದಾಗ ಒಬ್ಬ ಹೆಣ್ಣುಮಗಳು ತನ್ನ ಪಾಲಿನ ಹೊಲಕ್ಕೆ ಹದ್ದುಬಸ್ತು ಮಾಡಿಸಲು, ಅಂದರೆ ಗಡಿ ಗುರುತಿಸಲು, ಅರ್ಜಿ ಕೊಟ್ಟಿದ್ದಳು. ಅರ್ಜಿಯಲ್ಲಿ ಗಂಡನ ಮನೆಯ ಹೆಸರು, ಪಹಣಿಯಲ್ಲಿ ತವರಿನ ಹೆಸರು. ನಾನು ಸರಪಳಿ ಬಿಚ್ಚದೆ ವಾಪಸು ಬಂದೆ. "ಎರಡೂ ನಾನೇ ಅಲ್ರೀ ಸಾಹೇಬ್ರ," ಎಂದು ಅವಳು ಬದುವಿನ ಗುಂಟ ನನ್ನ ಹಿಂದೆ ನಡೆದು ಬಂದಳು. ಕಾಗದ ಸರಿ ಮಾಡಿಸಿಕೊಂಡು ಬಾ ಎಂದೆ. ಆ ವರ್ಷ ಅವಳು ಮತ್ತೆ ಬರಲಿಲ್ಲ, ಆಮೇಲೆ ನನಗೆ ವರ್ಗವಾಯಿತು. ಈ ಭಾಗದ ಹೆಂಗಸರಿಗೆ ಎರಡು ಹೆಸರಿರುತ್ತವೆ ಎಂಬುದನ್ನು ತಿಳಿದಿರುವುದೇ ನನ್ನ ಕೆಲಸವಾಗಿತ್ತು. ಬೇರೆಯವರ ಮನೆಯ ಹೆಂಗಸರ ವಿಷಯದಲ್ಲಿ ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಟಿಕೆಟ್ ದರ ನೋಡುವುದನ್ನು ಬಿಟ್ಟಿದ್ದೇನೆ. ವಿಮಾನದವರು ಮೋಸ ಮಾಡಿದರು ಎಂದು ಊರಲ್ಲಿ ಕೆಲವರು ನನ್ನ ಪರವಾಗಿ ಬೈದರು, ನಾನು ಸುಮ್ಮನೆ ಕೇಳಿಸಿಕೊಂಡೆ. ಮೋಸವೇನೂ ಇರಲಿಲ್ಲ. ನಮ್ಮ ಬಸ್ಸಿನ ಟಿಕೆಟಿಗೆ ಹೆಸರಿಲ್ಲ. ಕಂಡಕ್ಟರ್ ಊರು ಕೇಳುತ್ತಾನೆ, ಯಾರು ಹತ್ತಿದರೂ ಆ ಊರಿಗೆ ಒಯ್ಯುತ್ತಾನೆ. ಸಸ್ತಾ ವಿಮಾನದವನು ದಿನ, ಹೊತ್ತು, ಹೆಸರು ಮೂರನ್ನೂ ಮೊದಲೇ ಪಕ್ಕಾ ಮಾಡಿಕೊಂಡು, ಅದಕ್ಕೆ ಬದಲಾಗಿ ದರ ಇಳಿಸುತ್ತಾನೆ. ಮನುಷ್ಯ ತಪ್ಪುತ್ತಾನೆ ಎಂಬುದಕ್ಕೆ ಬೇರೆ ದರ ಇದೆ. ನಾನು ನೋಡಿದ್ದೆ, ನಾನೂರೈವತ್ತು ರೂಪಾಯಿ. ನಾನು ತಪ್ಪುವವನಲ್ಲ ಎಂದು ಅದನ್ನು ಕೊಳ್ಳಲಿಲ್ಲ.

ಕಳೆದ ತಿಂಗಳು ವೈನಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಅಂದ ಮಾತುಗಳನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಗೊತ್ತದ ತಮ್ಮಾ. ಅಕ್ಕನ ಮಗಳು ಮಣ್ಣು ಕೊಟ್ಟು ಬಂದ ದಿನಾನೇ ಹೇಳ್ಯಾಳ. ಬೈದು ಹೇಳ್ಯಾಳ."

"ಮತ್ತ ನನಗ ಯಾಕ ಕೇಳಲಿಲ್ರಿ ವೈನಿ?"

"ಗಾಡ್ಯಾಗ ಕೇಳ್ದೆನಲ್ಲ. ಸುಳ್ಳು ಹೇಳ್ದಿ. ಮತ್ತ ಕೇಳಿದ್ರ ಮತ್ತೊಂದು ಹೇಳ್ತಿದ್ದಿ."

ನಾನು ಕ್ಷಮಿಸಿ ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. "ಅದು ನನಗ ಬ್ಯಾಡ. ಕಿಟಕಿ ಮುಂದ ನಾ ಹೂಂ ಅಂದೇನಿ, ನಿನ್ನ ಮಾರಿ ನೋಡಿ. ಅಲ್ಲಿಗಿ ಮುಗೀತು ಅಂತ ತಿಳದಿದ್ದೆ. ನೀ ಅದನ್ನ ಅಕ್ಕನ ತನಾ ಒಯ್ದಿ. ನರೋಣಾದಾಗ ಇವತ್ತಿಗೂ ಏನಂತಾರ ಗೊತ್ತದೇನು? ತನ್ನ ಹೆಸರು ಹೇಳಾಕ ಬರಲಾರದಕ್ಕ ಅಕ್ಕನ್ನ ಕಳಕೊಂಡಾಕಿ ಅಂತಾರ. ಅಕ್ಕನ ಮಗಳು ನನ್ನ ಕೂಡ ಮಾತಾಡಂಗಿಲ್ಲ. ನೀ ಬರಿಯಾಂವ ಅಲ್ಲೇನು? ಬರಿ. ಬರದು ಅಕಿಗಿ ಕಳಸು. ಅಕ್ಕಗಂತೂ ಇನ್ನ ಮುಟ್ಟಂಗಿಲ್ಲ."

ಅದಕ್ಕಾಗಿ ಬರೆದಿದ್ದೇನೆ. ವೈನಿ ಹೆಸರು ತಪ್ಪು ಹೇಳಲಿಲ್ಲ. ನಾನು ಅವರ ಹೆಸರು ಕೇಳಲೇ ಇಲ್ಲ. ತಪ್ಪು ಬರೆದವನು ನಾನು, ತಪ್ಪು ಅವರದೆಂದು ಮೂರು ಕಡೆ ಹೇಳಿದವನೂ ನಾನು.

ಇದನ್ನು ನೋಡಿದವರು, ಕೇಳಿದವರು ಇಷ್ಟು ಮಂದಿ. ಬಾಗಿಲಿನ ಪೊಲೀಸಿನವನಿಗೆ ಬೇರೆ ಊರಿಗೆ ವರ್ಗವಾಗಿದೆ, ಕಿಟಕಿಯ ಹುಡುಗಿ ಎಲ್ಲಿದ್ದಾಳೋ ತಿಳಿಯದು. ಇಬ್ಬರೂ ಚೆನ್ನಾಗಿರಲಿ, ಅವರಿಂದ ಏನೂ ತಪ್ಪಾಗಿಲ್ಲ. ಅಕ್ಕ ಇಲ್ಲ. ನನ್ನ ಗೆಳೆಯ ಇದ್ದಾನೆ, ಅಫಜಲಪುರದ ಬಸ್ ನಿಲ್ದಾಣದ ಎದುರು ಚಪ್ಪಲಿ ಅಂಗಡಿಯಲ್ಲಿ, ಕೇಳಿದವರಿಗೆ ಹೇಳುತ್ತಾನೆ. ಅಕ್ಕನ ಮಗಳು ನರೋಣಾದಲ್ಲಿದ್ದಾಳೆ, ಆಸ್ಪತ್ರೆಯಲ್ಲಿ ನಾನು ಹೇಳಿದ್ದನ್ನು ಸ್ಟೂಲಿನ ಮೇಲೆ ಕೂತು ಕೇಳಿದವಳು ಅವಳೊಬ್ಬಳೇ. ವೈನಿ ಇದ್ದಾರೆ.